ಪಿಡಿ-ಎಲ್1 ಜಾಸ್ತಿ ಬಂತು ಅಂತ ಇಮ್ಯುನೊಥೆರಪಿ ಡ್ರಿಪ್ ಹಾಕಿಸಬೇಡಿ, ಜೀನ್ ರಿಪೋರ್ಟ್ ಬರಲಿ

ನಮ್ಮಮ್ಮ ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ. ಇದನ್ನೇ ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಆಗಿದ್ದಕ್ಕೆಲ್ಲ ಸುಳಿವು ಇದರಲ್ಲೇ ಇತ್ತು. ನಾವು ನೋಡಲಿಲ್ಲ. ನೋಡಬೇಕಾದವರೂ ನೋಡಲಿಲ್ಲ.

ಶ್ವಾಸಕೋಶದ ಕ್ಯಾನ್ಸರ್, ಅಡಿನೊಕಾರ್ಸಿನೋಮ, ನಾಲ್ಕನೇ ಹಂತ. ಬಯಾಪ್ಸಿ ಆಗಿ ಒಂದು ವಾರಕ್ಕೆ ಪಿಡಿ-ಎಲ್1 ರಿಪೋರ್ಟ್ ಕೈಗೆ ಬಂತು. 80% ಅಂತ ಇತ್ತು. ಡಾಕ್ಟರ ಮುಖ ಅರಳಿತು. "ಇಷ್ಟು ಜಾಸ್ತಿ ಇದ್ದರೆ ಇಮ್ಯುನೊಥೆರಪಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ, ಕೀಮೋನೇ ಬೇಡ, ನಾಳೆಯೇ ಶುರು ಮಾಡೋಣ" ಅಂದರು. ಇಮ್ಯುನೊಥೆರಪಿ ಅಂದರೆ ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವ ಹಾಗೆ ಮಾಡುವ ಔಷಧಿ, ಡ್ರಿಪ್ಪಿನಲ್ಲಿ ಕೊಡುತ್ತಾರೆ. ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಮಾರ್ಕ್ಸ್ ಬಂದ ಮಕ್ಕಳ ಹಾಗೆ ನಾವೆಲ್ಲ ಖುಷಿಪಟ್ಟೆವು. ವಾಸಿಯಾಗುವ ಸಾಧ್ಯತೆ 80% ಅಂತಲೇ ಅಂದುಕೊಂಡಿದ್ದೆವು, ಅದು ಹಾಗಲ್ಲ ಅಂತ ಯಾರೂ ತಿದ್ದಲಿಲ್ಲ.

ಆ ಸಂಖ್ಯೆ ಏನು ಅಂತ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ತೆಗೆದ ಆ ಚೂರು ಗೆಡ್ಡೆಯಲ್ಲಿ ನೂರು ಕ್ಯಾನ್ಸರ್ ಕೋಶ ಎಣಿಸಿದರೆ, ಎಷ್ಟರ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಕಾಣುತ್ತದೆ ಅನ್ನುವ ಲೆಕ್ಕ ಅದು, ಅಷ್ಟೇ. ಈ ಪ್ರೋಟೀನ್ ತೋರಿಸಿಯೇ ಕ್ಯಾನ್ಸರ್ ಕೋಶ ನಮ್ಮ ಟಿ ಕೋಶಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು, ಸುಮ್ಮನಾಗಿಸುತ್ತದೆ, ಔಷಧಿ ಆ ತಡೆಯನ್ನು ಬಿಡಿಸುತ್ತದೆ. ಸಂಖ್ಯೆ ಜಾಸ್ತಿ ಇದ್ದರೆ ಔಷಧಿ ಹಿಡಿಯುವ ಸಾಧ್ಯತೆ ಜಾಸ್ತಿ, ಅದು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ಕೀನೋಟ್-024 ಎಂಬ ದೊಡ್ಡ ಪ್ರಯೋಗದಲ್ಲಿ 50%ಗಿಂತ ಕಡಿಮೆ ಇಲ್ಲದವರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಕೊಟ್ಟಾಗ ನೂರರಲ್ಲಿ ಸುಮಾರು 45 ಜನರ ಗೆಡ್ಡೆ ಕುಗ್ಗಿತು, ಕೀಮೋ ಪಡೆದವರಲ್ಲಿ 28. ಐದು ವರ್ಷದ ನಂತರ ಬದುಕಿದ್ದವರು 32%, ಕೀಮೋ ಗುಂಪಿನಲ್ಲಿ 16%. ಒಳ್ಳೆಯ ಔಷಧಿಯೇ. ಆದರೆ ನೋಡಿ, ಇಷ್ಟು ಜಾಸ್ತಿ ಪಿಡಿ-ಎಲ್1 ಇದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಗೆಡ್ಡೆ ಕುಗ್ಗಲಿಲ್ಲ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ, ಆ ಪ್ರಯೋಗಕ್ಕೆ ಇಜಿಎಫ್‌ಆರ್ ಅಥವಾ ಎಎಲ್‌ಕೆ ಜೀನ್ ಬದಲಾವಣೆ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ!

ಅಮ್ಮನಿಗೆ ಇದ್ದದ್ದು ಇಜಿಎಫ್‌ಆರ್. ಕ್ಯಾನ್ಸರ್ ಕೋಶ ಬೆಳೆಯುತ್ತಲೇ ಇರುವಂತೆ ಮಾಡುವ ಜೀನ್ ಬದಲಾವಣೆ ಅದು, ಸಿಗರೇಟು ಸೇದದವರ ಶ್ವಾಸಕೋಶದ ಕ್ಯಾನ್ಸರಿನಲ್ಲೇ ಹೆಚ್ಚಾಗಿ ಕಾಣುವಂಥದ್ದು.

ಪಿಡಿ-ಎಲ್1 ರಿಪೋರ್ಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಜೀನ್ ಪರೀಕ್ಷೆ: ಫಲಿತಾಂಶ ಬಾಕಿ" ಅಂತ ಒಂದು ಸಾಲು ಇತ್ತು. ನಾನೇ ಓದಿದ್ದೆ, ಓದಿ ಪುಟ ತಿರುವಿದ್ದೆ. ಮೊದಲ ಡ್ರಿಪ್ ಹಾಕಿದ ಹನ್ನೆರಡನೇ ದಿನಕ್ಕೆ ಆ ಫಲಿತಾಂಶ ಆಸ್ಪತ್ರೆಗೆ ಬಂದಿತ್ತಂತೆ. ಯಾರೂ ತೆರೆದು ನೋಡಲಿಲ್ಲ. ಮೂರು ವಾರಕ್ಕೆ ಎರಡನೇ ಡ್ರಿಪ್ ಕೂಡ ಹಾಕಿದರು. ಕೆಮ್ಮು ಜಾಸ್ತಿಯಾಗಿ ಸ್ಕ್ಯಾನ್ ಮಾಡಿಸಿದಾಗ ಗೆಡ್ಡೆ ದೊಡ್ಡದಾಗಿತ್ತು, ಪಕ್ಕೆಲುಬಿನಲ್ಲೂ ಹೊಸದೊಂದು ಕಾಣಿಸಿತ್ತು. ಆಗಲೂ "ಇದು ಸುಳ್ಳು ಬೆಳವಣಿಗೆ ಇರಬಹುದು, ಟಿ ಕೋಶಗಳು ನುಗ್ಗಿದಾಗ ಗೆಡ್ಡೆ ಊದಿಕೊಂಡ ಹಾಗೆ ಕಾಣುತ್ತೆ, ಕಾಯೋಣ" ಅಂದರು. ಹಾಗೆ ಆಗುವುದುಂಟು, ಆದರೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು ಅಪರೂಪ. ರೋಗಿ ದಿನದಿಂದ ದಿನಕ್ಕೆ ಸೊರಗುತ್ತಿದ್ದರೆ ಆ ಮಾತನ್ನು ಸುಲಭಕ್ಕೆ ಒಪ್ಪಬೇಡಿ. ಬೇರೆ ಡಾಕ್ಟರ ಅಭಿಪ್ರಾಯ ಕೇಳೋಣ ಅಂತ ಫೈಲು ತೆಗೆಸಿದಾಗಲೇ ಆ ಜೀನ್ ರಿಪೋರ್ಟ್ ಹೊರಗೆ ಬಂದಿದ್ದು.

ಇಜಿಎಫ್‌ಆರ್ ಬದಲಾವಣೆ ಇರುವ ಗೆಡ್ಡೆಯಲ್ಲಿ ಪಿಡಿ-ಎಲ್1 ಜಾಸ್ತಿ ಕಂಡರೂ ಅದರ ಅರ್ಥ ಬೇರೆ ಇರಬಹುದು. ಟಿ ಕೋಶಗಳ ದಾಳಿಗೆ ಎದುರಾಗಿ ಅಲ್ಲ, ಕೆಟ್ಟ ಜೀನಿನ ಒತ್ತಾಯಕ್ಕೇ ಆ ಪ್ರೋಟೀನ್ ಹುಟ್ಟಿರುತ್ತದೆ. ಒಳಗೆ ಟಿ ಕೋಶಗಳು ಕಡಿಮೆ, ಅವು ಗುರುತು ಹಿಡಿಯಬಹುದಾದ ಬದಲಾವಣೆಗಳೂ ಕಡಿಮೆ. ತಡೆ ಬಿಡಿಸಿದರೂ ಹೋರಾಡುವವರೇ ಇಲ್ಲ ಅಂದ ಹಾಗೆ. ಇದೇನು ಹೊಸ ಸಂಗತಿಯೂ ಅಲ್ಲ. ಇಂಥ ರೋಗಿಗಳಿಗೇ ಮೊದಲ ಚಿಕಿತ್ಸೆಯಾಗಿ ಪೆಂಬ್ರೊಲಿಜುಮ್ಯಾಬ್ ಕೊಟ್ಟು ನೋಡುವ ಒಂದು ಸಣ್ಣ ಪ್ರಯೋಗ ನಡೆದಿತ್ತು, ವರದಿ 2018ರಲ್ಲಿ ಬಂತು. 25 ಜನರನ್ನು ಸೇರಿಸುವ ಯೋಜನೆ, 11 ಜನಕ್ಕೇ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರ ಪಿಡಿ-ಎಲ್1 50% ಅಥವಾ ಮೇಲೆಯೇ ಇತ್ತು. ಒಬ್ಬರಿಗೆ ಮಾತ್ರ ಔಷಧಿ ಹಿಡಿಯಿತು, ಮತ್ತೆ ಪರೀಕ್ಷಿಸಿದರೆ ಅವರಿಗೆ ಇಜಿಎಫ್‌ಆರ್ ಬದಲಾವಣೆಯೇ ಇರಲಿಲ್ಲ, ಮೊದಲಿನ ರಿಪೋರ್ಟ್ ತಪ್ಪಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಎರಡು ತಿಂಗಳು ಹಾಳಾಯ್ತು ಅಂತ ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ.

ಇಜಿಎಫ್‌ಆರ್‌ಗೆ ಒಸಿಮರ್ಟಿನಿಬ್ ಎಂಬ ಒಳ್ಳೆಯ ಮಾತ್ರೆ ಇದೆ. ತಕ್ಷಣ ಶುರು ಮಾಡಿದರು. ಕೆಮ್ಮು ಇಳಿಯಿತು, ನಮಗೆ ಹೋದ ಜೀವ ಬಂತು. ಐದನೇ ವಾರಕ್ಕೆ ಅಮ್ಮನಿಗೆ ಉಸಿರೇ ಸಾಲುತ್ತಿಲ್ಲ. ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು, ಇಳಿಯಲಿಲ್ಲ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶ ಮಂಜು ಕವಿದ ಹಾಗಿತ್ತು. ನ್ಯುಮೊನೈಟಿಸ್ ಅಂದರು, ಅಂದರೆ ಸೋಂಕಿಲ್ಲದೆ ಬರುವ ಉರಿಯೂತ. ಇಮ್ಯುನೊಥೆರಪಿ ಔಷಧಿ ಡ್ರಿಪ್ ನಿಲ್ಲಿಸಿದ ದಿನವೇ ದೇಹ ಬಿಟ್ಟು ಹೋಗುವುದಿಲ್ಲ, ವಾರಗಟ್ಟಲೆ ಇರುತ್ತದೆ, ಅದರ ಪ್ರಭಾವ ತಿಂಗಳುಗಟ್ಟಲೆ. ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಅಪಾಯ ಅಂತ 2019ರಲ್ಲೇ ಒಂದು ಅಧ್ಯಯನ ತೋರಿಸಿತ್ತು: ಹೀಗೆ ಪಡೆದ 41 ಜನರಲ್ಲಿ 6 ಮಂದಿಗೆ ತೀವ್ರ ಅಡ್ಡಪರಿಣಾಮ, ಮೂರು ತಿಂಗಳೊಳಗೆ ಪಡೆದವರಲ್ಲಂತೂ 21ರಲ್ಲಿ 5 ಮಂದಿಗೆ. ಒಸಿಮರ್ಟಿನಿಬ್ ಮೊದಲು ಪಡೆದು ಆಮೇಲೆ ಇಮ್ಯುನೊಥೆರಪಿ ಪಡೆದ 29 ಜನರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಅಂದರೆ ಆತುರಕ್ಕೆ ಹಾಕಿದ ಎರಡು ಡ್ರಿಪ್ಪು, ನಿಜವಾಗಿ ಕೆಲಸ ಮಾಡುತ್ತಿದ್ದ ಮಾತ್ರೆಯನ್ನೂ ಅಮ್ಮನ ಕೈಯಿಂದ ಕಿತ್ತುಕೊಂಡಿತು.

ಇನ್ನೊಂದು ಮಾತು, ನಮ್ಮ ದಡ್ಡತನದ್ದು. ಶುರುವಿನಲ್ಲಿ ತಮ್ಮ ಎಲ್ಲಿಂದಲೋ ಹುಡುಕಿ, ಸ್ಕ್ಯಾನ್ ಕಳಿಸಿದರೆ ಕೃತಕ ಬುದ್ಧಿಮತ್ತೆಯಿಂದ ಇಮ್ಯುನೊಥೆರಪಿ ಹಿಡಿಯುತ್ತೋ ಇಲ್ಲವೋ ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕಟ್ಟಿದ್ದ. "ಸ್ಪಂದಿಸುವ ಸಾಧ್ಯತೆ ಹೆಚ್ಚು" ಅಂತ ಹಸಿರು ಬಣ್ಣದಲ್ಲಿ ಬಂತು. ಅವರ ಫಾರ್ಮಿನಲ್ಲಿ ಜೀನ್ ಬದಲಾವಣೆ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಇಂಥ ಸಂಶೋಧನೆ ನಿಜಕ್ಕೂ ನಡೆಯುತ್ತಿದೆ, ಆದರೆ ಸಂಶೋಧನೆ ಬೇರೆ, ದುಡ್ಡು ತಗೊಂಡು ಹಸಿರು ಬಣ್ಣ ಬಳಿಯುವುದು ಬೇರೆ ಅಲ್ವಾ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಅದರಲ್ಲೂ ಸಿಗರೇಟು ಸೇದದವರಿಗೆ ಬಂದರೆ, ಡ್ರಿಪ್ ಹಾಕುವ ಮೊದಲು "ಇಜಿಎಫ್‌ಆರ್, ಎಎಲ್‌ಕೆ ರಿಪೋರ್ಟ್ ಬಂತಾ, ನೀವು ನೋಡಿದಿರಾ" ಅಂತ ನೇರವಾಗಿ ಕೇಳಿ. ಬಂದಿಲ್ಲ ಅಂದರೆ ರಕ್ತದಿಂದಲೂ ಜೀನ್ ಪರೀಕ್ಷೆ ಮಾಡಬಹುದು, ಅದು ಬೇಗ ಬರುತ್ತದೆ. ಆದರೆ ರಕ್ತದಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಗೆಡ್ಡೆಯಲ್ಲೂ ಇಲ್ಲ ಅಂತ ಅಲ್ಲ. ಕಾಯುವ ಸ್ಥಿತಿಯೇ ಇಲ್ಲ ಅಂದರೆ ಮೊದಲ ಸಲಕ್ಕೆ ಬರೀ ಕೀಮೋ ಕೊಟ್ಟು ಇಮ್ಯುನೊಥೆರಪಿ ತಡೆಹಿಡಿಯಬಹುದಾ ಅಂತ ಕೇಳಿ, ಹಾಗೆ ಮಾಡುವ ಪದ್ಧತಿ ಇದೆ. ಈಗಾಗಲೇ ಡ್ರಿಪ್ ಹಾಕಿ ಆಗಿದ್ದರೆ, ಆಮೇಲೆ ಯಾವ ಮಾತ್ರೆ ಬರೆದರೂ ಆ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಒಣ ಕೆಮ್ಮು, ಏದುಸಿರು ಬಂದರೆ ನಾಳೆ ನೋಡೋಣ ಅನ್ನಬೇಡಿ.

ವಾರಗಟ್ಟಲೆ ಸ್ಟೀರಾಯ್ಡ್ ಆದ ಮೇಲೆ ಅಮ್ಮನಿಗೆ ಈಗ ಹಳೆಯ ಕಾಲದ ಬೇರೆ ಇಜಿಎಫ್‌ಆರ್ ಮಾತ್ರೆ ಕೊಡುತ್ತಿದ್ದಾರೆ. ಗೆಡ್ಡೆ ಸ್ವಲ್ಪ ಕುಗ್ಗಿದೆ. ಹಾಸಿಗೆಯಿಂದ ಬಾಗಿಲವರೆಗೆ ನಡೆದರೆ ಕೂತು ಸುಧಾರಿಸಿಕೊಳ್ಳಬೇಕು. ಆ ಫೈಲಿನ ಕಥೆ ಅವಳಿಗೆ ಇನ್ನೂ ಹೇಳಿಲ್ಲ. "80 ಬಂದಿತ್ತಲ್ವಾ, ಮತ್ತೆ ಯಾಕೆ ಹೀಗಾಯ್ತು" ಅಂತ ಮೊನ್ನೆ ಕೂಡ ಕೇಳಿದಳು.