ಹಳೇ ನಿಸಾನ್ ಒನ್ ಟನ್ ಟ್ರಕ್ಕಿಗೆ ಇಂಜೆಕ್ಷನ್ ಕಿಟ್: ಎರಡು ಮಳೆಗಾಲ ಕಳೆದ ಮೇಲೆ

ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಹಳೇ ಕಾರ್ಬುರೇಟರ್ ತೆಗೆದು, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಕೂರಿಸುವುದೇ ಈ ಇಂಜೆಕ್ಷನ್ ಕಿಟ್. ಮೈಲೇಜ್ ಆಸೆಗೆ ಇದನ್ನು ತರಿಸೋಣ ಅಂತಿದ್ದರೆ ಇಲ್ಲೇ ಓದು ನಿಲ್ಲಿಸಬಹುದು. ನನ್ನ ಗಾಡಿ ಮೊದಲು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಕೊಡುತ್ತಿತ್ತು. ಈಗ ಐದು, ಖಾಲಿ ಓಡಿದರೆ ಇನ್ನೊಂಚೂರು. ಕಿಟ್, ಪಂಪ್, ಕಸ್ಟಮ್ಸ್, ಲೇತ್ ಕೆಲಸ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಖರ್ಚಾಯಿತು. ಆ ದುಡ್ಡು ಪೆಟ್ರೋಲಿನಲ್ಲಿ ವಾಪಸ್ ಬರಬೇಕಾದರೆ ನನ್ನ ಮೊಮ್ಮಕ್ಕಳೂ ಇದೇ ಗಾಡಿ ಓಡಿಸಬೇಕು.

ಆದರೂ ನಾನು ಇದನ್ನು ಬಿಚ್ಚುವುದಿಲ್ಲ.

ಗಾಡಿ ಜಬಲ್ಪುರದ ಸೇನಾ ಕಾರ್ಖಾನೆಯದು, ಮಿಲಿಟರಿ ಹರಾಜಿನಲ್ಲಿ ಬಂದಿದ್ದು. ಸೇನೆಯ ಜೀಪು ಜೊಂಗಾದಲ್ಲಿ ಇದ್ದ ಅದೇ ಎಂಜಿನ್ನು: ಆರು ಸಿಲಿಂಡರ್, 3956 ಸಿಸಿ, ಪೆಟ್ರೋಲ್. ನಮ್ಮ ಕಡೆ ಇಂಥ ಗಾಡಿ ತಗೊಂಡವರು ಸಾಮಾನ್ಯವಾಗಿ ಡೀಸೆಲ್ ಎಂಜಿನ್ ಕೂರಿಸಿಕೊಳ್ಳುತ್ತಾರೆ. ಲೆಕ್ಕಾಚಾರಕ್ಕೆ ಅದೇ ಸರಿ. ನನಗೆ ಈ ಎಂಜಿನ್ನಿನ ಸದ್ದು ಇಷ್ಟ, ಅಷ್ಟೇ ಕಾರಣ.

ತೋಟ ಇರುವುದು ಚಿಕ್ಕಮಗಳೂರು ಕಡೆಯ ಆಲ್ದೂರಿನ ಆಚೆ. ಕಾಫಿ ಹಣ್ಣು ತುಂಬಿಕೊಂಡು ಕಡಿದಾದ ಮಣ್ಣುದಾರಿ ಹತ್ತಬೇಕು. ಕಾರ್ಬುರೇಟರಿಗೆ ಆಗದ ಕೆಲಸ ಅಂದರೆ ಅದೇ. ಅದರೊಳಗೆ ಪೆಟ್ರೋಲ್ ನಿಲ್ಲುವ ಒಂದು ಬಟ್ಟಲಿದೆ, ಮಟ್ಟ ಕಾಯುವುದಕ್ಕೆ ಒಂದು ಫ್ಲೋಟ್ ಇದೆ. ಗಾಡಿ ವಾಲಿದರೆ ಆ ಮಟ್ಟವೂ ವಾಲುತ್ತದೆ. ಒಂದೋ ಪೆಟ್ರೋಲ್ ಉಕ್ಕಿ ಎಂಜಿನ್ ಉಸಿರು ಕಟ್ಟುತ್ತದೆ, ಇಲ್ಲವೇ ಪೆಟ್ರೋಲೇ ಸಿಗದೆ ಆಫ್ ಆಗುತ್ತದೆ. ಲೋಡ್ ಇರುವಾಗ, ಹಿಂದೆ ಹಳ್ಳ ಇರುವಾಗ. ಈಗ ಆ ಕಾಟ ಪೂರ್ತಿ ಹೋಗಿದೆ. ಡಿಸೆಂಬರ್ ಚಳಿಯಲ್ಲಿ ಚೋಕ್ ಎಳೆದು ಬೇಡಿಕೊಳ್ಳುವುದೂ ಇಲ್ಲ. ಕೀ ತಿರುಗಿಸಿ, ಪಂಪ್ ಸದ್ದು ನಿಲ್ಲುವವರೆಗೆ ಕಾದು, ಸೆಲ್ಫ್ ಹೊಡೆದರೆ ಆಯಿತು.

ಕಿಟ್ ಅಮೆರಿಕದ್ದು. ಕಾರ್ಬುರೇಟರ್ ಜಾಗದಲ್ಲೇ ಕೂತು ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿ, ಅದರಲ್ಲೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಅದರಲ್ಲೇ ಕಂಪ್ಯೂಟರ್. ಸಿಲಿಂಡರ್ ಎಷ್ಟು, ಸಿಸಿ ಎಷ್ಟು, ಐಡಲ್ (ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ) ಎಷ್ಟು ಅಂತ ಹೇಳಿದರೆ ಮಿಕ್ಕಿದ್ದನ್ನು ಓಡುತ್ತಾ ತಾನೇ ಕಲಿಯುತ್ತದೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಇದು ಕಂಪನಿ ಮಾತು. ಸುಳ್ಳಲ್ಲ. ಆದರೆ ಗಾಡಿಯ ಬೇರೆ ಎಲ್ಲ ಸರಿ ಇದ್ದರೆ ಮಾತ್ರ.

ನನ್ನದು ಮೊದಲ ತಿಂಗಳು ಏನೂ ಕಲಿಯಲೇ ಇಲ್ಲ. ಸದಾ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಕಿಟ್ಟೇ ಕೆಟ್ಟಿದೆ ಅಂತ ಎಲ್ಲರೂ ಹೇಳಿದರು. ಕಾರಣ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್! ಹೀಟ್ ಆಗಬಾರದು ಅಂತ ಯಾವುದೋ ಕಾಲದಲ್ಲಿ ಯಾರೋ ಅದನ್ನು ಕಿತ್ತು ಬಿಸಾಡಿದ್ದರು. ನಮ್ಮ ಹಳೇ ಗಾಡಿಗಳಲ್ಲಿ ಇದು ಮಾಮೂಲು ಅಲ್ವಾ? ಕಾರ್ಬುರೇಟರಿಗೆ ಅದರಿಂದ ಅಷ್ಟೇನೂ ತೊಂದರೆ ಇರಲಿಲ್ಲ. ಇಂಜೆಕ್ಷನ್ ಹಾಗಲ್ಲ. ನೀರು 70 ಡಿಗ್ರಿ ಆಸುಪಾಸಿಗೆ ಬರುವವರೆಗೂ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಕಲಿಕೆ ಶುರುವೇ ಆಗುವುದಿಲ್ಲ. ನಮ್ಮ ಚಳಿಗೆ, ಥರ್ಮೋಸ್ಟಾಟ್ ಇಲ್ಲದ ಎಂಜಿನ್ನು ಆ ಬಿಸಿ ಮುಟ್ಟುವುದು ಯಾವಾಗ? ಹೊಸದು ಹಾಕಿಸಿದ ಮೇಲೆ ಒಂದೇ ವಾರದಲ್ಲಿ ಗಾಡಿ ದಾರಿಗೆ ಬಂತು.

ಆಮೇಲೆ ಆಕ್ಸಿಜನ್ ಸೆನ್ಸರ್ ಹೋಯಿತು. ಫಿಟ್ ಮಾಡಿದ ಗ್ಯಾರೇಜಿನವರು ಅದನ್ನು ಪೈಪಿನ ಅಡಿಯಲ್ಲಿ ಕೂರಿಸಿದ್ದರು. ತಣ್ಣನೆ ಪೈಪಿನಲ್ಲಿ ನೀರು ಕಟ್ಟುತ್ತದೆ, ಕಾದ ಸೆನ್ಸರಿಗೆ ಆ ನೀರು ತಗುಲಿದರೆ ಒಳಗಿನ ಸೆರಾಮಿಕ್ ಬಿರುಕು ಬಿಡುತ್ತದೆ. ಸೆನ್ಸರ್ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿಯಾದರೂ ಮೇಲಕ್ಕಿರಬೇಕು. ಅದಕ್ಕೂ ಮುಂಚೆ ಪೈಪಿನಲ್ಲಿ ಎಲ್ಲೂ ಲೀಕ್ ಇರಬಾರದು. ಲೀಕಿನಿಂದ ಹೊರಗಿನ ಗಾಳಿ ಒಳಗೆ ಬಂದರೆ ಪೆಟ್ರೋಲ್ ಸಾಲದು ಅಂತ ಕಂಪ್ಯೂಟರ್ ತಪ್ಪು ತಿಳಿದುಕೊಂಡು ಇನ್ನೂ ಸುರಿಯುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬ್ಯಾಟರಿಯಿಂದ ನೇರ ವೈರ್, ಎಂಜಿನ್ನಿಂದ ಚಾಸಿಗೆ ದಪ್ಪ ಅರ್ತ್, ರೆಸಿಸ್ಟರ್ ಇರುವ ಪ್ಲಗ್ಗು ಮತ್ತು ಪ್ಲಗ್ ವೈರು. ಹಳೇ ತಾಮ್ರದ ಪ್ಲಗ್ ವೈರ್ ಹಾಗೇ ಬಿಟ್ಟರೆ ಅದರ ವಿದ್ಯುತ್ ಗಲಾಟೆಗೆ ಕಂಪ್ಯೂಟರ್ ನಡುದಾರಿಯಲ್ಲಿ ರೀಸೆಟ್ ಆಗುತ್ತದೆ. ಶೆಡ್ಡಿನಲ್ಲಿ ಇಲಿ ಇದ್ದರೆ ದೇವರೇ ಗತಿ. ಮಳೆಗೆ ಹೆದರಿದ್ದೆ, ಆದರೆ ಕನೆಕ್ಟರಿಗೆಲ್ಲ ಗ್ರೀಸ್ ತುಂಬಿದ್ದರಿಂದ ನಮ್ಮ ಜುಲೈ ಮಳೆಯೂ ಏನೂ ಮಾಡಲಿಲ್ಲ.

ಘಟ್ಟದ ಮಾತು. ಚಿಕ್ಕಮಗಳೂರು ಪೇಟೆ ಇರುವುದೇ ಸಾವಿರ ಮೀಟರಿಗಿಂತ ಮೇಲೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಇಲ್ಲಿ ಗಾಳಿ ಶೇ. 10ರಷ್ಟು ತೆಳು. ಇಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದರೆ ಬೇರೆಯೇ ಥರ ಓಡುತ್ತಿತ್ತು. ಈಗ ಎರಡೂ ಕಡೆ ಒಂದೇ. ಮುಳ್ಳಯ್ಯನಗಿರಿ ಕಡೆ ಹತ್ತಿದಾಗ ಶಕ್ತಿ ಕಡಿಮೆಯಾಗುವುದು ಮಾತ್ರ ತಪ್ಪುವುದಿಲ್ಲ. ಇಲ್ಲದ ಗಾಳಿಯನ್ನು ಇಂಜೆಕ್ಷನ್ ಎಲ್ಲಿಂದ ತರಬೇಕು?

ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ವಿಷಯದಲ್ಲಿ ಈ ಕಿಟ್ ನಿಜವಾಗಿ ಗೆದ್ದಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಹೋಗಬೇಕು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿಗೆ (ಜೆಟ್) ಅದು ಗೊತ್ತಾಗುವುದಿಲ್ಲ, ಸೆನ್ಸರಿಗೆ ಗೊತ್ತಾಗುತ್ತದೆ. ಸ್ಕ್ರೀನಿನಲ್ಲಿ ಈಗಲೂ 14.7 ಅಂತಲೇ ತೋರಿಸಿದರೆ ಗಾಬರಿ ಬೇಡ. ಅದು ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆದು ಪೆಟ್ರೋಲ್ ಲೆಕ್ಕದಲ್ಲಿ ಹೇಳುತ್ತಿದೆ, ಅಷ್ಟೇ. ಹಳೇ ರಬ್ಬರ್ ಪೈಪುಗಳನ್ನು ಮಾತ್ರ ಒಂದೂ ಬಿಡದೆ ಬದಲಾಯಿಸಿ. ಎಥನಾಲ್ ಅವನ್ನು ತಿನ್ನುತ್ತದೆ. ಮೇಲಾಗಿ ಈಗ ಪೈಪಿನಲ್ಲಿ 58 ಪಿಎಸ್‌ಐ ಒತ್ತಡ. ಮೊದಲು ಐದಾರು ಇದ್ದರೆ ಹೆಚ್ಚು.

ರಸ್ತೆಗೆ ಇಳಿಯುವ ಗಾಡಿಯಾದರೆ ಕೈ ಹಾಕುವ ಮೊದಲು ಆರ್‌ಟಿಓದಲ್ಲಿ ಕೇಳಿ. ಗಾಡಿ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ.

ಪಂಪ್ ಎಲ್ಲಿಡುವುದು ಅಂತ ತುಂಬ ಜನ ಕೇಳುತ್ತಾರೆ. ಹಳೇ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಗಾಡಿ ವಾಲಿದರೆ ಪಂಪ್ ಗಾಳಿ ಎಳೆಯುತ್ತದೆ. ಅದಕ್ಕೆ ನಾನು ಒಂದೂವರೆ ಲೀಟರಿನ ಚಿಕ್ಕ ಟ್ಯಾಂಕ್ ಬೇರೆ ಇಟ್ಟಿದ್ದೇನೆ. ಎಂಜಿನ್ನಿನ ಹಳೇ ಮೆಕ್ಯಾನಿಕಲ್ ಪಂಪ್ ಅದನ್ನು ತುಂಬುತ್ತದೆ, ಅದರೊಳಗಿನ ಹೈ ಪ್ರೆಷರ್ ಪಂಪ್ ಇಂಜೆಕ್ಟರಿಗೆ ಕೊಡುತ್ತದೆ, ಮಿಕ್ಕಿದ್ದು ದೊಡ್ಡ ಟ್ಯಾಂಕಿಗೆ ವಾಪಸ್. ಇದರಿಂದ ಇನ್ನೊಂದು ಉಪಕಾರವೂ ಇದೆ. ಕಂಪ್ಯೂಟರ್ ಕೈ ಕೊಟ್ಟರೆ ಹೊಸದು ಬರಬೇಕಾದ್ದು ಅಮೆರಿಕದಿಂದ. ಅಷ್ಟು ದಿನ ಕಾಫಿ ಹಣ್ಣು ಗಿಡದಲ್ಲಿ ಕಾಯುವುದಿಲ್ಲ. ಕಾರ್ಬುರೇಟರ್ ತಿರುಗಿ ಕೂರಿಸಿ, ಮೆಕ್ಯಾನಿಕಲ್ ಪಂಪಿನ ಪೈಪ್ ನೇರ ಅದಕ್ಕೆ ಕೊಟ್ಟರೆ ಅರ್ಧ ದಿನದಲ್ಲಿ ಗಾಡಿ ಓಡುತ್ತದೆ. ಹಾಗಾಗಿ ಫಿಟ್ ಮಾಡುವವರು ಎಷ್ಟೇ ಹೇಳಲಿ, ಹಳೇ ಪಂಪ್ ಬಿಚ್ಚಿ ಅದರ ತೂತಿಗೆ ಪ್ಲೇಟ್ ಹೊಡೆಯಲು ಬಿಡಬೇಡಿ.