ಹುವಾರಾಸ್ ದಾಟಿ ಕರಾಸ್‌ನಲ್ಲಿ ಇಳಿಯಿರಿ

ಪೆರುವಿನ ಕಾರ್ಡಿಲೆರಾ ಬ್ಲಾಂಕಾ ಪರ್ವತಸಾಲಿಗೆ ಚಾರಣಕ್ಕೆಂದು ಹೋಗುವವರು ಹಿಂದೆ ಮುಂದೆ ನೋಡದೆ ಹುವಾರಾಸ್‌ನಲ್ಲಿ ಕೋಣೆ ಹಿಡಿಯುತ್ತಾರೆ. ನಾನೂ ಮೊದಲು ಅಲ್ಲೇ ಇದ್ದೆ. ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಂದ ಸುಮಾರು 67 ಕಿ.ಮೀ. ಉತ್ತರಕ್ಕಿರುವ ಕರಾಸ್‌ಗೆ ಹೋದೆ. ಇನ್ನೊಮ್ಮೆ ಆ ಕಡೆ ಹೋಗುವ ಯೋಗ ಬಂದರೆ ಹುವಾರಾಸ್‌ನಲ್ಲಿ ಬಸ್ಸಿನಿಂದ ಕಾಲು ಕೆಳಗಿಡುವುದಿಲ್ಲ. ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದಿನದನ್ನು ಹಾಗೆಂದುಕೊಂಡೇ ಓದಬೇಕು.

ಊರುಗಳು ಕುಳಿತಿರುವ ಬಗೆ ಗೊತ್ತಾದರೆ ಅರ್ಧ ವಾದ ಮುಗಿದಂತೆ. ಸಾಂತಾ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅದರ ಪಶ್ಚಿಮಕ್ಕೆ ಹಿಮವಿಲ್ಲದ ಕಾರ್ಡಿಲೆರಾ ನೆಗ್ರಾ, ಪೂರ್ವಕ್ಕೆ ಹಿಮ ಹೊತ್ತ ಬ್ಲಾಂಕಾ. ನಡುವಿನ ಕಣಿವೆಯಲ್ಲಿ ಮೊದಲು ಹುವಾರಾಸ್, ಆಮೇಲೆ ಕಾರ್ಹುವಾಸ್, ಯುಂಗಾಯ್, ಕೊನೆಗೆ ಕರಾಸ್. ಒಂದೊಂದು ಊರಿಗೂ ಅಲ್ಲಿನವರು ಒಂದೊಂದು ಬಿರುದು ಕೊಟ್ಟಿದ್ದಾರೆ: ಹುವಾರಾಸ್‌ಗೆ ಜಂಭ, ಕಾರ್ಹುವಾಸ್‌ಗೆ ಕುಡಿತ, ಯುಂಗಾಯ್‌ಗೆ ಚೆಲುವು, ಕರಾಸ್‌ಗೆ ಸಿಹಿ. ಈಗ ಚಾರಣಿಗರು ಹುಡುಕಿಕೊಂಡು ಹೋಗುವ ಜಾಗಗಳನ್ನು ನೋಡಿ. ಲಗೂನಾ 69 ಮತ್ತು ಯಂಗಾನುಕೋ ಸರೋವರಗಳಿಗೆ ದಾರಿ ಕವಲೊಡೆಯುವುದು ಯುಂಗಾಯ್‌ನಲ್ಲಿ. ಸಾಂತಾ ಕ್ರೂಸ್ ಚಾರಣ ಶುರುವಾಗುವ ಕಾಷಾಪಂಪಾಕ್ಕೆ ಹೋಗಬೇಕಾದರೆ ಕರಾಸ್ ಮೂಲಕವೇ ಹೋಗಬೇಕು. ಪರೋನ್ ಸರೋವರವಂತೂ ಕರಾಸ್‌ನ ನೆತ್ತಿಯ ಮೇಲೇ ಇದೆ, 32 ಕಿ.ಮೀ. ದೂರದಲ್ಲಿ. ಎಲ್ಲವೂ ಉತ್ತರದ ತುದಿಯಲ್ಲಿರುವಾಗ ಜನ ಮಲಗುವುದು ಮಾತ್ರ ದಕ್ಷಿಣದಲ್ಲಿ. ಏಕೆಂದರೆ ಏಜೆನ್ಸಿಗಳ ಬೋರ್ಡುಗಳು ಅಲ್ಲಿವೆ.

ಇದರ ಫಲ ಬೆಳಗಿನ ಜಾವ ಐದಕ್ಕೆ ಗೊತ್ತಾಗುತ್ತದೆ. ಲಗೂನಾ 69ಕ್ಕೆ ಹೋಗುವ ಪ್ರವಾಸಿ ವ್ಯಾನು ಹುವಾರಾಸ್‌ನ ಹೋಟೆಲುಗಳ ಮುಂದೆ ಒಂದೊಂದಾಗಿ ನಿಂತು, ಇನ್ನೂ ಹಲ್ಲುಜ್ಜುತ್ತಿರುವವರಿಗಾಗಿ ಕಾದು, ಊರು ಬಿಡುವ ಹೊತ್ತಿಗೇ ನಿಮ್ಮ ಅರ್ಧ ತಾಳ್ಮೆ ಖರ್ಚಾಗಿರುತ್ತದೆ. ದಾರಿಯಲ್ಲಿ ತಿಂಡಿಯ ನೆಪದಲ್ಲಿ ಮತ್ತೊಂದು ನಿಲುಗಡೆ. ಸುಮಾರು 3,900 ಮೀಟರ್ ಎತ್ತರದ ಸೆಬೊಯಾಪಂಪಾದಲ್ಲಿ ಇಳಿಸುವಾಗ ಬಿಸಿಲು ಏರಿರುತ್ತದೆ. ಅಲ್ಲಿಂದ 4,600 ಮೀಟರಿನ ಸರೋವರಕ್ಕೆ ಎಲ್ಲ ವ್ಯಾನುಗಳ ಜನ ಒಟ್ಟಿಗೆ ಹತ್ತಬೇಕು. ಮೇಲೆ ಮುಟ್ಟಿ ಉಸಿರು ಹದಕ್ಕೆ ಬರುವಷ್ಟರಲ್ಲಿ ಮಾರ್ಗದರ್ಶಿ ಗಡಿಯಾರ ತೋರಿಸುತ್ತಾನೆ. ಆ ನೀಲಿಯನ್ನು ನೋಡಲು ಖಂಡ ದಾಟಿ ಬಂದವರಿಗೆ ಸಿಗುವುದು ಒಂದು ಬಾಳೆಹಣ್ಣು ತಿನ್ನುವಷ್ಟು ಸಮಯ. ಕರಾಸ್‌ನಿಂದ ಯುಂಗಾಯ್‌ಗೆ ಬರೀ 12 ಕಿ.ಮೀ. ವಸತಿಯಲ್ಲಿದ್ದ ಮತ್ತಿಬ್ಬರೊಡನೆ ಬಾಡಿಗೆ ಕಾರು ಮಾಡಿಕೊಂಡು ಅದೇ ದಾರಿಯಲ್ಲಿ ಹೋದ ದಿನ, ಹುವಾರಾಸ್‌ನ ವ್ಯಾನುಗಳು ಇನ್ನೂ ತಿಂಡಿ ತಿನ್ನಿಸುತ್ತಿದ್ದಾಗ ನಾವು ಕ್ವೆನ್ಯುವಾಲ್ ಮರಗಳ ಕೆಂಪು ತೊಗಟೆ ನೋಡುತ್ತ ಅರ್ಧ ದಾರಿ ಹತ್ತಿದ್ದೆವು.

ಇನ್ನು ಗ್ಯಾಸ್ ಡಬ್ಬಿಯ ಕಥೆ. ನನ್ನ ಪಕ್ಷಪಾತಕ್ಕೆ ಮೂಲ ಅದೇ ಎಂದರೂ ತಪ್ಪಿಲ್ಲ.

ಒಲೆಯನ್ನು ಮನೆಯಿಂದ ಒಯ್ಯಬಹುದು, ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಹಾಗಾಗಿ ಅಲ್ಲೇ ಕೊಳ್ಳಬೇಕು. ಹುವಾರಾಸ್‌ನಲ್ಲಿ ಡೇರೆ, ಚಾಪೆ, ಒಲೆ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಅಂಥದೊಂದರಲ್ಲಿ 230 ಗ್ರಾಂ ಅನಿಲದ ತಿರುಪಿನ ಡಬ್ಬಿ ಕೊಂಡೆ. ಬಣ್ಣ ಹೊಸದಾಗಿತ್ತು, ಮೇಲೆ ಪ್ಲಾಸ್ಟಿಕ್ ಮುಚ್ಚಳ ಇತ್ತು, ಪೂರ್ತಿ ಬೆಲೆ ತೆಗೆದುಕೊಂಡರು. ಮುಚ್ಚಳ ತೆಗೆದರೆ ತಿರುಪಿನ ಸುತ್ತ ಬಳೆಯಾಕಾರದ ಒಂದು ಹೊಳಪು ಗೀರು ಕಾಣುತ್ತಿತ್ತು. ಒಲೆಯನ್ನು ಡಬ್ಬಿಗೆ ತಿರುಗಿಸಿ ಕೂರಿಸಿ ಬಿಚ್ಚಿದಾಗ ಬೀಳುವ ಗೀರು ಅದು. ಅದನ್ನು ಕಾರ್ಖಾನೆಯಿಂದಲೇ ಬಂದಿದ್ದೆಂದು ಅಂಗಡಿಯವರು ಹೇಳಿದರು.

ಸಾಂತಾ ಕ್ರೂಸ್ ದಾರಿಯಲ್ಲಿ ಮೊದಲ ರಾತ್ರಿ ಯಾಮಕೊರಾಲ್‌ನಲ್ಲಿ ಏನೂ ತೊಂದರೆಯಾಗಲಿಲ್ಲ. ಎರಡನೆಯ ಬಿಡಾರ ತಾಉಯಿಪಂಪಾ, ಹೆಚ್ಚುಕಡಿಮೆ 4,200 ಮೀಟರ್. ಸುತ್ತ ಹಿಮಶಿಖರಗಳು, ಹೊತ್ತು ಮುಳುಗುತ್ತಲೇ ಎಲುಬಿಗೆ ಇಳಿಯುವ ಚಳಿ, ಮರುದಿನ 4,750 ಮೀಟರಿನ ಪುಂಟಾ ಉನಿಯೋನ್ ಕಣಿವೆಬಾಯಿ ಹತ್ತುವುದಿತ್ತು. ಪಾತ್ರೆಯಲ್ಲಿ ಹೆಸರುಬೇಳೆ ಹಾಕಿ ಒಲೆ ಹಚ್ಚಿದೆ. ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿ, ಕುಗ್ಗಿ, ಬತ್ತಿಯಂತೆ ನಿಂತಿತು. ಚಳಿಗೆ ಅನಿಲದ ಒತ್ತಡ ಇಳಿಯುವುದು ಸಹಜ, ಅದಕ್ಕಾಗಿ ಡಬ್ಬಿಯನ್ನು ಜಾಕೆಟ್ಟಿನೊಳಗೆ ಎದೆಗವಚಿಕೊಂಡು ಕೂತೆ. ಮತ್ತೆ ಹಚ್ಚಿದರೆ ಮತ್ತದೇ ಬತ್ತಿ. ಅಲ್ಲಾಡಿಸಿದರೆ ಒಳಗೆ ಸದ್ದೇ ಇಲ್ಲ.

ಆ ಎತ್ತರದಲ್ಲಿ ನೀರು 86 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಗ್ಯಾಸ್ ಪೂರ್ತಿ ಇದ್ದರೂ ಬೇಳೆ ಬೇಯಲು ತಕರಾರು ತೆಗೆಯುತ್ತದೆ. ಗ್ಯಾಸ್ ಇಲ್ಲದಾಗ ಕೇಳಬೇಕೆ. ಉಗುರುಬೆಚ್ಚಗಿನ ನೀರಿಗೆ ಅವಲಕ್ಕಿ ಸುರಿದು, ಪುಳಿಯೋಗರೆ ಗೊಜ್ಜಿನ ಪೊಟ್ಟಣ ಒಡೆದು ಕಲಸಿದ್ದೇ ಊಟವಾಯಿತು. ಆಂಡೀಸ್‌ಗೆ ಹೋಗುವ ಕನ್ನಡಿಗರಿಗೆ ನನ್ನದೊಂದೇ ಹಠದ ಸಲಹೆ: ಅಕ್ಕಿ, ಬೇಳೆ ಬಿಟ್ಟು ಹೋದರೂ ಸರಿ, ಅವಲಕ್ಕಿ ಬಿಡಬೇಡಿ. ಬೆಳಿಗ್ಗೆ ಪಕ್ಕದ ಗುಂಪಿನ ಹೇಸರಗತ್ತೆ ಹೊಡೆಯುವವನು ಒಂದು ಫ್ಲಾಸ್ಕ್ ಬಿಸಿನೀರು ತಂದುಕೊಟ್ಟಿದ್ದಕ್ಕೆ ಚಹಾ ಕುಡಿದು ಹತ್ತಿದೆ. ಇಲ್ಲದಿದ್ದರೆ ಅದೂ ಇಲ್ಲ.

ಹಿಂದಿರುಗಿ ಕೇಳಿದಾಗ ಅಂಗಡಿಯವರು ಭುಜ ಕುಣಿಸಿದರು, ಚಳಿಯಲ್ಲಿ ಹಾಗಾಗುತ್ತದಂತೆ. ಬೇರೆಯವರು ಅರ್ಧ ಬಳಸಿ ಬಿಟ್ಟುಹೋದ ಡಬ್ಬಿಗಳನ್ನು ಮುಚ್ಚಳ ಹಾಕಿ ಹೊಸದೆಂದು ಮಾರುವುದು ಯಾವ ಚಾರಣದ ಊರಿನಲ್ಲಾದರೂ ನಡೆಯಬಹುದು, ಒಪ್ಪುತ್ತೇನೆ. ಆದರೆ ಊರು ದೊಡ್ಡದಾದಷ್ಟೂ, ನಾಳೆ ಇವನ ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯ ಅಂಗಡಿಯವನಿಗೆ ಬರುತ್ತದೆ. ಕರಾಸ್‌ನಲ್ಲಿ ಡಬ್ಬಿ ಕೇಳಿದಾಗ ಕಪಾಟಿನಲ್ಲಿ ಇದ್ದುದು ಕೆಲವೇ, ಅವೂ ಒಂದೇ ಕಂಪನಿಯವು. ತೂಕ ಹಾಕಿ ಎಂದೆ. ಅಂಗಡಿಯಾಕೆ ನಕ್ಕು ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟಳು. ಖಾಲಿ ತಗಡೇ ಸುಮಾರು 150 ಗ್ರಾಂ ತೂಗುತ್ತದೆ, ಒಟ್ಟು 380ರ ಹತ್ತಿರ ಬಂದರೆ ಡಬ್ಬಿ ತುಂಬಿದೆ ಎಂದರ್ಥ. ಬಂತು. ಎಲ್ಲಿ ಕೊಂಡರೂ ಇದನ್ನು ಮಾಡಿ. ತಕ್ಕಡಿ ತರಲು ಮುಖ ಗಂಟಿಕ್ಕುವ ಅಂಗಡಿಯಿಂದ ಎದ್ದು ಬನ್ನಿ.

ಎತ್ತರದ ವಿಷಯಕ್ಕೆ ಬಂದರೆ ಹುವಾರಾಸ್ ಸುಮಾರು 3,050 ಮೀಟರ್, ಕರಾಸ್ ಸುಮಾರು 2,250. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತ ಕರಾಸ್‌ನ ಸೊಪ್ಪಿನ ಮಾರುಕಟ್ಟೆಯೇ ಮುನ್ನೂರು ಮೀಟರ್ ಮೇಲಿದೆ. ಹಾಗಾಗಿ ಅದನ್ನು ತಗ್ಗು ಎನ್ನುವಂತಿಲ್ಲ. ಸಮುದ್ರಮಟ್ಟದ ಲೀಮಾದಿಂದ ರಾತ್ರಿ ಬಸ್ಸು ಹತ್ತಿದರೆ ಅದು 4,000 ಮೀಟರಿಗೂ ಮೇಲಿನ ಕೊನೊಕೋಚಾ ದಾಟಿ ಹುವಾರಾಸ್‌ಗೆ ಇಳಿಯುತ್ತದೆ. ಅಲ್ಲಿ ಮೊದಲ ರಾತ್ರಿ ನನಗೆ ತಲೆ ಸಿಡಿಯಿತು. ಕೋಕಾ ಎಲೆಯ ಕಷಾಯ ಬಾಯಿಗೆ ಹಿತವಾಗಿತ್ತು, ತಲೆಗೆ ಏನೂ ಮಾಡಲಿಲ್ಲ. ಎತ್ತರಕ್ಕೆ ಒಗ್ಗಿಕೊಳ್ಳಲು 3,000 ಮೀಟರಿನಲ್ಲಿ ಮಲಗುವುದೇ ಒಳ್ಳೆಯದು ಎನ್ನುವವರ ಮಾತಿನಲ್ಲಿ ಹುರುಳಿದೆ. ಕರಾಸ್‌ನಿಂದ ನೇರ ಪರೋನ್‌ಗೆ ಕಾರಿನಲ್ಲಿ ಹೋದರೆ ಎರಡು ಗಂಟೆಯೊಳಗೆ ಹತ್ತಿರಹತ್ತಿರ 2,000 ಮೀಟರ್ ಏರಿರುತ್ತೀರಿ, ಅದು ದೇಹಕ್ಕೆ ಅನ್ಯಾಯ. ಆದರೆ ನಾನು ನಿದ್ದೆಗೆಟ್ಟರೆ ಮನುಷ್ಯನೇ ಅಲ್ಲ. ತಗ್ಗಿನಲ್ಲಿ ಗಟ್ಟಿಯಾಗಿ ಮಲಗಿ, ಹಗಲು ಮೇಲೆ ಹೋಗಿ ಬರುವ ಕ್ರಮ ನನಗೆ ಒಗ್ಗಿತು. ಪರೋನ್‌ಗಿಂತ ಮೊದಲು ಕಾರ್ಡಿಲೆರಾ ನೆಗ್ರಾದ ವಿಂಚುಸ್‌ಗೆ ಹೋಗಿ ಬಂದೆ. ನೂರು ವರ್ಷಕ್ಕೆ ಸಮೀಪಿಸಿದಾಗ ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಪೂಯಾ ರೈಮೊಂಡಿ ಗಿಡಗಳು ಅಲ್ಲಿವೆ. ಎದುರಿಗೆ ಇಡೀ ಬಿಳಿ ಸಾಲು ಸಿಗುತ್ತದೆ, 6,768 ಮೀಟರಿನ ಹುವಾಸ್ಕರಾನ್ ಸಹಿತ.

ನೋಟದಲ್ಲಿ ಹುವಾರಾಸ್ ಸೋಲುವುದು ಅದರ ತಪ್ಪಿನಿಂದಲ್ಲ. 1941ರ ಡಿಸೆಂಬರಿನಲ್ಲಿ ಪಾಲ್ಕಕೋಚಾ ಹಿಮಸರೋವರ ಒಡೆದು ಊರಿನ ಮೂರನೇ ಒಂದು ಭಾಗ ಕೊಚ್ಚಿಹೋಯಿತು. 1970ರ ಮೇ 31ರ ಭೂಕಂಪ ಉಳಿದದ್ದನ್ನು ನೆಲಸಮ ಮಾಡಿತು. ಹಳೆಯ ಹುವಾರಾಸ್ ಹೇಗಿತ್ತೆಂದು ತೋರಿಸಲು ಹೋಸೆ ಒಲಾಯಾ ಬೀದಿಯೊಂದೇ ಉಳಿದಿದೆ; ಮಿಕ್ಕಿದ್ದು ಇಟ್ಟಿಗೆ, ಸಿಮೆಂಟು, ಮೇಲೆ ಚಾಚಿಕೊಂಡ ಕಬ್ಬಿಣದ ಸರಳು. ಅದೇ ದಿನ ಹುವಾಸ್ಕರಾನ್‌ನ ಉತ್ತರ ಶಿಖರದಿಂದ ಕಳಚಿದ ಹಿಮ ಮತ್ತು ಬಂಡೆ ಯುಂಗಾಯ್ ಊರನ್ನು ಹೂತುಹಾಕಿತು. ಗುಡ್ಡದ ಮೇಲಿನ ಸ್ಮಶಾನಕ್ಕೆ ಓಡಿ ಹತ್ತಿದವರು ಬದುಕಿಕೊಂಡರು. ಕರಾಸ್‌ಗೂ ಪೆಟ್ಟು ಬಿತ್ತು, ಆದರೆ ಚೌಕದ ಸುತ್ತ ಮಣ್ಣಿಟ್ಟಿಗೆಯ ಗೋಡೆ, ಹೆಂಚಿನ ಮಾಡು ಇನ್ನೂ ಇವೆ.

ಊಟದಲ್ಲಿ ಹುವಾರಾಸ್ ಗೆಲ್ಲುತ್ತದೆ, ಅದೂ ಸಲೀಸಾಗಿ. ಸಸ್ಯಾಹಾರಿ ಎಂದರೆ ಅರ್ಥವಾಗುವ ಹೋಟೆಲುಗಳಿವೆ. ಬೀದಿಯಲ್ಲಿ ಹೆಂಗಸರು ತಟ್ಟೆಗೆ ಹಾಕಿಕೊಡುವ ಚೋಚೋ ಸೆವಿಚೆ ನನ್ನ ಸಂಜೆಯ ಗೀಳಾಯಿತು. ಚೋಚೋ ಎಂಬುದು ದಪ್ಪ ಬಿಳಿ ಕಾಳು. ಕಹಿ ಹೋಗಲು ದಿನಗಟ್ಟಲೆ ನೀರಿನಲ್ಲಿ ನೆನೆಸಿಡುತ್ತಾರೆ. ಅದಕ್ಕೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆರಸ, ಖಾರ. ತೆಂಗಿನತುರಿಯೊಂದು ಬಿಟ್ಟರೆ ರಾಮನವಮಿಯ ಕೋಸಂಬರಿಯೇ. ಕರಾಸ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ಮಾಂಸ ಬೇಡವೆಂದರೆ ಸರಿ ಎಂದು ತಲೆಯಾಡಿಸಿ, ಕೋಳಿಯ ಕಾಲು ತೇಲುವ ಸಾರು ತಂದಿಡುತ್ತಾರೆ. ಕೋಳಿ ಅವರ ಲೆಕ್ಕದಲ್ಲಿ ಮಾಂಸವಲ್ಲ. ನಾನು ಮಾರುಕಟ್ಟೆಯ ಬೆಣ್ಣೆಹಣ್ಣು, ಚೀಸ್, ಬ್ರೆಡ್ಡಿನಲ್ಲಿ ಬದುಕಿದೆ. ಸಕ್ಕರೆ, ಹಾಲು ಬತ್ತಿಸಿ ಮಾಡುವ ಮಂಹಾರ್ ಬ್ಲಾಂಕೋ ಮಾತ್ರ ಕರಾಸ್‌ನದೇ ರುಚಿ.

ಕರಾಸ್‌ನ ದೊಡ್ಡ ಕಿರಿಕಿರಿ ಹಂಚಿಕೆಯ ಕಾರುಗಳು. ಸೀಟು ತುಂಬುವವರೆಗೆ ಹೊರಡುವುದಿಲ್ಲ. ಮಧ್ಯಾಹ್ನದ ಮೇಲೆ ಕಾಷಾಪಂಪಾ ಕಡೆಗೆ ಜನರೇ ಇರುವುದಿಲ್ಲ. ಖಾಲಿ ಸೀಟುಗಳ ಹಣವನ್ನೂ ನೀವೇ ಕೊಡಬೇಕು, ಇಲ್ಲವೇ ಮೇವಿನ ಮೂಟೆಗಳ ಜೊತೆ ಕಾಯಬೇಕು. ಬೆಳಿಗ್ಗೆ ಆರಕ್ಕೆ ಹೋದರೆ ಈ ಪಾಡಿಲ್ಲ, ನಾನು ಹೇಗೂ ಬೇಗ ಏಳುವವನು.

ರಾತ್ರಿಯ ಸದ್ದು: ಹುವಾರಾಸ್‌ನಲ್ಲಿ ಹಾರ್ನು ಮತ್ತು ನಾಯಿ, ಕರಾಸ್‌ನಲ್ಲಿ ಹುಂಜ.

ಕೋಣೆಯ ಬಾಡಿಗೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನದ ಟಿಕೆಟ್ ಎರಡೂ ಕಡೆಗೆ ಒಂದೇ: ನಾನು ಹೋದಾಗ ಒಂದು ದಿನಕ್ಕೆ 30 ಸೋಲ್ (ಪೆರುವಿನ ನಾಣ್ಯ), ಮೂವತ್ತು ದಿನಕ್ಕೆ 150. ಸಾಂತಾ ಕ್ರೂಸ್ ಮಾಡುವವರಿಗೆ ಹೇಗೂ ದೊಡ್ಡ ಟಿಕೆಟ್ಟೇ ಬೇಕು, ಒಮ್ಮೆ ಕೊಂಡ ಮೇಲೆ ದಿನವೂ ಒಳಗೆ ಹೋಗದೆ ಸುಮ್ಮನಿದ್ದರೆ ಹೊಟ್ಟೆ ಉರಿಯುತ್ತದೆ. ನನ್ನ ಉಳಿತಾಯ ಆದದ್ದು ವ್ಯಾನುಗಳಲ್ಲಿ, ಪ್ರತಿ ಸಲ ಹುವಾರಾಸ್‌ನಿಂದ ಬಂದು ಹೋಗುವ ಖರ್ಚು ಮತ್ತು ಬೆನ್ನುನೋವು ತಪ್ಪಿದ್ದರಲ್ಲಿ.

ಹುವಾಯ್‌ಹುವಾಶ್ ಪರ್ವತಸಾಲು ಸುತ್ತುವವರು, ಪಾಸ್ಟೊರುರಿ ಹಿಮನದಿ ಅಥವಾ ಚಾವೀನ್ ದೇ ಹುವಾಂತಾರ್‌ನ ಪ್ರಾಚೀನ ಅವಶೇಷ ನೋಡುವವರು, ಹಿಮ ಹತ್ತಲು ಪ್ರಮಾಣಿತ ಮಾರ್ಗದರ್ಶಿ ಬೇಕೆನ್ನುವವರು ಹುವಾರಾಸ್‌ನಲ್ಲೇ ಇರಬೇಕು. ಅವೆಲ್ಲ ಅದರ ದಕ್ಷಿಣಕ್ಕೆ ಅಥವಾ ಅದರ ಅಂಗಳದಲ್ಲಿವೆ. ಚುರುಪ್ ಸರೋವರವೂ ಅಷ್ಟೇ. ಸಂಜೆ ಹತ್ತು ದೇಶದವರ ಜೊತೆ ಹರಟೆ ಬೇಕೆನ್ನುವವರಿಗೂ ಕರಾಸ್ ಬೇಸರ ತರಿಸುತ್ತದೆ, ಒಂಬತ್ತಕ್ಕೆ ಚೌಕ ಖಾಲಿ. ನನಗೆ ಬೇಕಾದದ್ದು ಪರೋನ್, ಸಾಂತಾ ಕ್ರೂಸ್, ಯಂಗಾನುಕೋ ಮತ್ತು ಎಂಟು ಗಂಟೆ ನಿದ್ದೆ.

ಲೀಮಾದಿಂದ ಹೊರಡುವ ರಾತ್ರಿ ಬಸ್ಸುಗಳಲ್ಲಿ ಕೆಲವು ಕರಾಸ್‌ವರೆಗೂ ಹೋಗುತ್ತವೆ. ಟಿಕೆಟ್ಟನ್ನು ಅಲ್ಲಿಗೇ ತೆಗೆಸಿ. ಬೆಳಿಗ್ಗೆ ಹುವಾರಾಸ್‌ನಲ್ಲಿ ಅರ್ಧ ಬಸ್ಸು ಇಳಿದು ಹೋಗುತ್ತದೆ, ಹೋಟೆಲಿನ ಚೀಟಿ ಹಿಡಿದವರು ಕಿಟಕಿ ಬಡಿಯುತ್ತಾರೆ. ಏಳಬೇಡಿ. ಖಾಲಿಯಾದ ಬಲಗಡೆಯ ಸೀಟಿಗೆ ಸರಿದುಕೊಳ್ಳಿ, ಹಿಮದ ಸಾಲು ಆ ಕಡೆಗಿದೆ.