ಹೆಸರು ಮುಚ್ಚಿಡುವ ಲಕೋಟೆ: ಕೇಂದ್ರ ಜಾಗೃತ ಆಯೋಗದ ಪಿಐಡಿಪಿಐ ದೂರು ಸೇವೆ ಎಷ್ಟು ಭದ್ರ?

ಕೇಂದ್ರ ಸರ್ಕಾರದ ಇಲಾಖೆಯಲ್ಲೋ ಸಾರ್ವಜನಿಕ ವಲಯದ ಬ್ಯಾಂಕಿನಲ್ಲೋ ದುಡಿಯುವ ನೌಕರರು ಮೇಲಧಿಕಾರಿಯ ಅವ್ಯವಹಾರವನ್ನು ಕಣ್ಣಾರೆ ಕಂಡಾಗ ಸಾಮಾನ್ಯವಾಗಿ ಸುಮ್ಮನಿರುತ್ತಾರೆ, ಇಲ್ಲವೇ ಮೂಕರ್ಜಿ ಹಾಕುತ್ತಾರೆ. ಹೆಸರಿಲ್ಲದ ಅರ್ಜಿಯ ಮೇಲೆ ಕ್ರಮ ಕೈಗೊಳ್ಳದೆ ಕಡತಕ್ಕೆ ಸೇರಿಸುವುದು ನಿಯಮಬದ್ಧವೇ ಆಗಿರುವುದರಿಂದ ಎರಡರ ಫಲವೂ ಬಹುತೇಕ ಒಂದೇ. ಹೆಸರು ಹೇಳಿಯೂ ಅದು ಕಚೇರಿಗೆ ತಿಳಿಯದಂತೆ ದೂರು ಕೊಡಲು ಇರುವ ಮಾರ್ಗವೆಂದರೆ ಕೇಂದ್ರ ಜಾಗೃತ ಆಯೋಗವು 2004ರಿಂದ ನಡೆಸುತ್ತಿರುವ ಪಿಐಡಿಪಿಐ (ಸಾರ್ವಜನಿಕ ಹಿತಾಸಕ್ತಿಯ ಬಹಿರಂಗಪಡಿಸುವಿಕೆ ಮತ್ತು ಮಾಹಿತಿದಾರರ ರಕ್ಷಣೆ) ವ್ಯವಸ್ಥೆ. ನೌಕರರ ಸಂಘದಲ್ಲಿದ್ದುಕೊಂಡು ಇಂತಹ ದೂರುಗಳ ಕರಡು ತಿದ್ದಲು ನೆರವಾದ ಅನುಭವದ ಮೇಲೆ ಈ ಸೇವೆಯ ಗುಣದೋಷಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಬಳಕೆಯ ಕ್ರಮ ಸರಳವಾಗಿದೆ. ದೂರನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ‘ಪಿಐಡಿಪಿಐ’ ಎಂದು ಬರೆದು, ದೆಹಲಿಯ ಸತರ್ಕತಾ ಭವನದಲ್ಲಿರುವ ಆಯೋಗದ ಕಾರ್ಯದರ್ಶಿಗೆ ಅಂಚೆಯಲ್ಲಿ ಕಳುಹಿಸಬೇಕು. ಹೆಸರು, ವಿಳಾಸಗಳು ಲಕೋಟೆಯ ಮೇಲಿರದೆ ಒಳಗಿನ ಪತ್ರದಲ್ಲಿ ಮಾತ್ರ ಇರಬೇಕು. ಆಯೋಗದ ಪೋರ್ಟಲ್ ಅಥವಾ ಇ-ಮೇಲ್ ಮೂಲಕ ಬಂದದ್ದಕ್ಕೆ ಈ ರಕ್ಷಣೆ ಸಿಗುವುದಿಲ್ಲ. ಪತ್ರದ ಪ್ರತಿಯನ್ನು ಮಂತ್ರಿಗಳಿಗೋ ಪತ್ರಿಕೆಗೋ ಕಳುಹಿಸಿದರೆ ಗುರುತು ಆಗಲೇ ಬಯಲಾಯಿತೆಂದು ಪರಿಗಣಿಸಿ ಅದನ್ನು ಸಾಮಾನ್ಯ ದೂರಾಗಿ ನೋಡಲಾಗುತ್ತದೆ. ಇಂತಹ ಲಕೋಟೆಯ ಮೇಲೆ ಕಳುಹಿಸುವವರ ವಿಳಾಸಕ್ಕೆ ಒತ್ತಾಯಿಸಬಾರದೆಂದು ಅಂಚೆ ಕಚೇರಿಗಳಿಗೆ ಸೂಚನೆಯಿದ್ದರೂ, ಕೌಂಟರಿನಲ್ಲಿರುವ ಸಿಬ್ಬಂದಿಗೆ ಅದು ತಿಳಿದಿರುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಸುತ್ತೋಲೆಯ ಒಂದು ಪ್ರತಿ ಕೈಯಲ್ಲಿರುವುದು ಒಳ್ಳೆಯದು. ಆಯೋಗವು ಸ್ವೀಕೃತಿ ಪತ್ರ ಕಳುಹಿಸುವುದಿಲ್ಲ. ಮೊದಲ ಬಾರಿ ಬರೆದವರಿಗೆ ಇದು ಕಳವಳ ಹುಟ್ಟಿಸುತ್ತದೆ, ಆದರೆ ಆಯೋಗದ ಮೊಹರಿರುವ ಕಾಗದ ಕಚೇರಿಯ ವಿಳಾಸಕ್ಕೆ ಬಂದು ಟಪಾಲು ಗುಮಾಸ್ತರ ಕೈಗೆ ಸಿಗುವುದಕ್ಕಿಂತ ಈ ಮೌನವೇ ಲೇಸು.

ಈ ಎಚ್ಚರಿಕೆಯ ಹಿಂದೆ ಒಂದು ಸಾವು ಇದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆಯವರು ಸುವರ್ಣ ಚತುಷ್ಪಥ ಯೋಜನೆಯ ಅಕ್ರಮಗಳ ಬಗ್ಗೆ ಪ್ರಧಾನಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರಿದ್ದರು. ಆದರೆ ಪತ್ರ ಹೆಸರಿನೊಂದಿಗೇ ಕಚೇರಿಯಿಂದ ಕಚೇರಿಗೆ ಸುತ್ತಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಬಳಿಕ ಸುಪ್ರೀಂ ಕೋರ್ಟ್ ಕಾನೂನು ಬರುವವರೆಗಾದರೂ ಒಂದು ವ್ಯವಸ್ಥೆ ಬೇಕೆಂದು ಹೇಳಿದ್ದರಿಂದ 2004ರ ಏಪ್ರಿಲ್ 21ರಂದು ಸರ್ಕಾರ ಪಿಐಡಿಪಿಐ ನಿರ್ಣಯ ಹೊರಡಿಸಿತು. ಆದ್ದರಿಂದ ಇಡೀ ಸೇವೆ ಗೋಪ್ಯತೆ ಎಂಬ ಒಂದೇ ಕಂಬದ ಮೇಲೆ ನಿಂತಿದೆ. ಆ ಮಟ್ಟಿಗೆ ಅದರ ರಚನೆಯನ್ನು ಮೆಚ್ಚಲೇಬೇಕು: ದೂರನ್ನು ತನಿಖೆಗೆ ಕಳುಹಿಸುವಾಗ ದೂರುದಾರರ ಗುರುತನ್ನು ಬೇರ್ಪಡಿಸಲಾಗುತ್ತದೆ, ಅಗತ್ಯ ಬಿದ್ದಾಗ ಮಾತ್ರ ಆಯೋಗವೇ ಅವರನ್ನು ಸಂಪರ್ಕಿಸುತ್ತದೆ.

ತೊಡಕು ಇರುವುದು ಪತ್ರದ ಒಳಗೆ. ಹತ್ತು ಮಂದಿಯ ಶಾಖೆಯಲ್ಲಿ ಯಾವ ಸಾಲದ ಕಡತವನ್ನು ಯಾರು ನೋಡಿದ್ದರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಹೆಸರು ತೆಗೆದುಹಾಕಿದರೂ ವಿವರಗಳೇ ಬರೆದವರತ್ತ ಬೆರಳು ಮಾಡುತ್ತವೆ. ಬರೆದವರ ಸುಳಿವು ಸಿಗದಂತೆ ಒಕ್ಕಣೆ ಇರಲಿ ಎಂದು ಆಯೋಗವೂ ಹೇಳುತ್ತದೆ. ಆದರೆ ವಿವರ ಕಡಿಮೆಯಾದರೆ ತನಿಖೆಗೆ ಹಿಡಿತ ಸಿಗುವುದಿಲ್ಲ, ಹೆಚ್ಚಾದರೆ ಬರೆದವರೇ ಸಿಕ್ಕಿಬೀಳುತ್ತಾರೆ. ನಾನು ನೋಡಿದ ಕರಡುಗಳಲ್ಲಿ ಹೆಚ್ಚಿನವು ‘ಈ ಹಿಂದೆಯೂ ನಾನು ಮೌಖಿಕವಾಗಿ ತಿಳಿಸಿದ್ದೆ’ ಎಂಬ ಒಂದೇ ಸಾಲಿನಿಂದ ಗುಟ್ಟು ಬಿಟ್ಟುಕೊಡುವಂತಿದ್ದವು.

ಕರ್ತವ್ಯದ ಭಾಗವಾಗಿಯೇ ತಪ್ಪನ್ನು ಹಿಡಿಯಬೇಕಾದವರಿಗಂತೂ ಈ ಲಕೋಟೆ ಯಾವ ರಕ್ಷಣೆಯನ್ನೂ ಕೊಡಲಾರದು. ಕೋಲಾರ ಚಿನ್ನದ ಗಣಿಯ ಊರಿನಿಂದ ಹೋಗಿ ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿದ್ದ ಮಂಜುನಾಥ ಷಣ್ಮುಗಂ ಅವರನ್ನು 2005ರ ನವೆಂಬರ್‌ನಲ್ಲಿ, ಅಂದರೆ ಈ ವ್ಯವಸ್ಥೆ ಜಾರಿಗೆ ಬಂದ ಮರುವರ್ಷವೇ, ಉತ್ತರ ಪ್ರದೇಶದ ಲಖೀಂಪುರ ಖೀರಿಯಲ್ಲಿ ಕೊಲ್ಲಲಾಯಿತು. ಕಲಬೆರಕೆ ಇಂಧನದ ವಿರುದ್ಧ ಪೆಟ್ರೋಲ್ ಬಂಕ್‌ಗಳ ಮೇಲೆ ಅವರು ಕ್ರಮ ಕೈಗೊಂಡಿದ್ದರು. ತಪಾಸಣೆಗೆ ಬಂದ ಅಧಿಕಾರಿ ಯಾರೆಂಬುದು ಬಂಕಿನವರಿಗೆ ಗೊತ್ತಿದ್ದ ಮೇಲೆ ಮುಚ್ಚಿಡಲು ಹೆಸರೆಲ್ಲಿ ಉಳಿದಿತ್ತು?

ಗುರುತು ಬಯಲಾದ ನಂತರದ ರಕ್ಷಣೆಗೆ ನಾನು ಕಡಿಮೆ ಅಂಕ ಕೊಡುತ್ತೇನೆ. ದೂರುದಾರರು ಕಿರುಕುಳದ ಬಗ್ಗೆ ಬರೆದರೆ ಆಯೋಗವು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಸೂಚನೆ ನೀಡಬಹುದು. ಗುರುತು ಬಹಿರಂಗಪಡಿಸಿದವರ ಮೇಲೆ ಚಾಲ್ತಿಯಲ್ಲಿರುವ ನಿಯಮಗಳಡಿ ಕ್ರಮಕ್ಕೆ ಮುಂದಾಗಬಹುದು. ಆದರೆ ದೂರದೂರಿಗೆ ವರ್ಗಾವಣೆಯನ್ನೋ ತಡೆಹಿಡಿದ ಬಡ್ತಿಯನ್ನೋ ‘ಆಡಳಿತಾತ್ಮಕ ಕಾರಣ’ ಎಂದು ಬರೆದುಬಿಟ್ಟರೆ ಅದು ಸೇಡೆಂದು ತೋರಿಸುವ ಹೊಣೆ ವಾಸ್ತವದಲ್ಲಿ ನೌಕರರ ತಲೆಗೇ ಬರುತ್ತದೆ. ಸಂಸತ್ತು ಅಂಗೀಕರಿಸಿದ 2014ರ ವಿಷಲ್ ಬ್ಲೋವರ್ಸ್ (ಅಕ್ರಮ ಬಯಲಿಗೆಳೆಯುವವರ) ರಕ್ಷಣಾ ಕಾಯ್ದೆ ಈ ಕೊರತೆಯನ್ನೇ ತುಂಬುವಂತಿತ್ತು. ಕ್ರಮವು ಸೇಡಿನದಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಅದು ಸಂಸ್ಥೆಯ ಮೇಲೆ ಹೊರಿಸಿತ್ತು. ಹೆಸರು ಬಯಲು ಮಾಡಿದವರಿಗೆ 3 ವರ್ಷಗಳವರೆಗೆ ಜೈಲು ಮತ್ತು 50,000 ರೂಪಾಯಿವರೆಗೆ ದಂಡ ವಿಧಿಸಿತ್ತು. ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಜಾರಿಯ ಅಧಿಸೂಚನೆ ಹೊರಬೀಳದೆ ಆ ಕಾಯ್ದೆ ಪುಸ್ತಕದಲ್ಲೇ ಕುಳಿತಿದೆ. ಕಾನೂನು ಬರುವವರೆಗಿನ ತಾತ್ಕಾಲಿಕ ಏರ್ಪಾಡೊಂದು ಇಷ್ಟು ದೀರ್ಘಾಯುಷಿಯಾದದ್ದು ನಮ್ಮ ಆಡಳಿತದ ವೈಖರಿಗೆ ತಕ್ಕಂತೆಯೇ ಇದೆ.

ರಾಜ್ಯ ಸರ್ಕಾರದ ನೌಕರರ ವಿಷಯ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಅದಕ್ಕೆ ಲೋಕಾಯುಕ್ತವಿದೆ, ಅಲ್ಲಿ ನಿಗದಿತ ನಮೂನೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಷೇರುಪೇಟೆಯಲ್ಲಿ ನೋಂದಾಯಿತವಾದ ಖಾಸಗಿ ಕಂಪನಿಗಳು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ದೂರು ವ್ಯವಸ್ಥೆ ಇಡಲೇಬೇಕು, ಆದರೆ ಅದನ್ನು ನಡೆಸುವುದು ಕಂಪನಿಯೇ.

ಆರೋಪವು ಹಲವರ ಕಣ್ಣಿಗೆ ಬಿದ್ದಿರುವ ಟೆಂಡರ್, ಬಿಲ್ಲು, ಸಾಲಮಂಜೂರಾತಿಯಂತಹ ದಾಖಲೆಗಳಿಂದಲೇ ತೋರಿಸಬಹುದಾದದ್ದಾಗಿದ್ದರೆ ಈ ಸೇವೆಯನ್ನು ಧೈರ್ಯವಾಗಿ ಬಳಸಬಹುದು. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರ ನಡುವೆ ನಡೆದ ಮಾತೇ ಆಧಾರವಾಗಿದ್ದರೆ ಲಕೋಟೆ ಅಂಟಿಸುವ ಮೊದಲು ಸೇವಾ ನಿಯಮ ಬಲ್ಲ ವಕೀಲರೊಬ್ಬರನ್ನು ಕಾಣುವುದು ಒಳಿತು.